ಮುದುಗಾನಹಳ್ಳಿ, ಜನಸಂಖ್ಯೆ ಸೊನ್ನೆ

ಮಂಗ ಸತ್ತುಬಿದ್ದ ಕಾಡಿಗೆ ಹೋದ ಮನುಷ್ಯರೂ ಸಾಯುತ್ತಾರೆ. ಹೋದವರೆಲ್ಲ ಅಲ್ಲ, ಆದರೆ ಸಾಯುತ್ತಾರೆ. ಕ್ಯಾಸನೂರಿನ ಕಾಡಿನಲ್ಲಿ ಈ ಕಾಯಿಲೆಗೆ ಹೆಸರು ಬಿದ್ದು ನಲವತ್ತು ವರ್ಷವಾಯಿತು. ಸೊರಬ, ಶಿಕಾರಿಪುರದ ಕಡೆ ಹುಟ್ಟಿದವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಸತ್ತ ಮಂಗನ ಮೈಯಿಂದ ರಕ್ತ ಹೀರುವ ಉಣುಗು ಇಳಿಯುತ್ತದೆ, ತರಗೆಲೆಯಲ್ಲಿ ಕಾದು ಕೂರುತ್ತದೆ, ಸೌದೆಗೋ ಸೊಪ್ಪಿಗೋ ಬಂದವರ ಕಾಲಿಗೆ ಹತ್ತುತ್ತದೆ. ವಾರ ಕಳೆಯುವುದರೊಳಗೆ ತಲೆ ಸಿಡಿಯುತ್ತದೆ, ಕಣ್ಣು ಕೆಂಡದ ಹಾಗಾಗುತ್ತದೆ. ಮಂಗ ಬಿದ್ದ ಜಾಗಕ್ಕೆ ಉಣುಗು ಸಾಯುವ ಪುಡಿ ಹೊಡೆದು, ಜನರ ಕೈಕಾಲಿಗೆ ಅದು ಹತ್ತದಂಥ ಎಣ್ಣೆ ಕೊಟ್ಟು, ಆ ಕಡೆ ಹೋಗಬೇಡಿ ಎಂದು ತಡೆದರೆ ಬಹಳ ಜೀವ ಉಳಿಯುತ್ತವೆ. ಇದೂ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಹೇಗೆ ಸಾಯುತ್ತಾರೆ ಎನ್ನುವವರು ದೊಡ್ಡಬೀರಪ್ಪನ ವಿಷಯ ಕೇಳಬೇಕು.

ದೊಡ್ಡಬೀರಪ್ಪ ಸೊರಬದವನು. ಜ್ವರ ಬಂದ ಮನೆ, ಮಂಗ ಬಿದ್ದ ಜಾಗ ಬರೆದುಕೊಂಡು ಬಂದು ಕಚೇರಿಗೆ ಒಪ್ಪಿಸುವುದು ಅವನ ನೌಕರಿ. ಸರ್ಕಾರಿ ಕಾಗದದಲ್ಲಿ ಆ ಕೆಲಸಕ್ಕೆ ಮಾರುದ್ದದ ಹೆಸರಿತ್ತು. ಜನರ ಬಾಯಲ್ಲಿ ಅವನು ಜ್ವರದ ಬೀರಪ್ಪ. ಐವತ್ತೇಳರ ವಯಸ್ಸು, ಒಣಕಲು ಮೈ, ಒಂದು ಸೈಕಲ್ಲು, ಹತ್ತೊಂಬತ್ತು ಊರು. ಕಾಡಂಚಿನ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ ಎನ್ನುವುದು ಅವನಿಗೆ ಬಾಯಿಪಾಠ.

ಈ ಮನುಷ್ಯನಿಗೆ ಯಂತ್ರಗಳ ಬಗ್ಗೆ ಖಂಡಿತವಾದ ಅಭಿಪ್ರಾಯಗಳಿದ್ದವು. ಕೀಲಿ ಕೊಡುವ ಕೈಗಡಿಯಾರ ಒಳ್ಳೆಯದು, ಬ್ಯಾಟರಿಯದು ಕೆಟ್ಟದ್ದು. ಕೀಲಿಯದು ಮುದುಕನ ಹಾಗೆ, ದಿನಕ್ಕೆರಡು ನಿಮಿಷ ಹಿಂದೆ ಬಿದ್ದು ತಾನು ಸೋಲುತ್ತಿದ್ದೇನೆ ಎಂದು ತಿಳಿಸುತ್ತದೆ. ಬ್ಯಾಟರಿಯದು ಸಾಯುವ ಗಳಿಗೆಯವರೆಗೂ ಸರಿಯಿರುವ ಹಾಗೆ ನಟಿಸುತ್ತದೆ. ವಾಲ್ವಿನ ರೇಡಿಯೋ ಒಳ್ಳೆಯದು, ಕೆಡುವ ಮುಂಚೆ ಗೊರಗೊರ ಎನ್ನುತ್ತದೆ. ಟೈಪ್‌ರೈಟರ್ ಒಳ್ಳೆಯದು, ಒಂದು ಅಕ್ಷರ ಮುರಿದರೆ ಓದುವವನ ಕಣ್ಣಿಗೇ ಹೊಡೆಯುತ್ತದೆ. ಕೆಟ್ಟಿದ್ದೇನೆ ಎಂದು ಕೂಗಿ ಹೇಳುವ ಯಂತ್ರವನ್ನು ನಂಬಬಹುದು, ಕೆಟ್ಟೂ ಸುಮ್ಮನೆ ಓಡುವ ಯಂತ್ರವನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು. ಇದು ಅವನ ಸಿದ್ಧಾಂತ.

ಹೆಂಡತಿ ಹುಲಿಗೆಮ್ಮನಿಗೆ ಈ ಸಿದ್ಧಾಂತದಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಅವಳು ಮಿಕ್ಸಿ ತಂದಳು. ಅದರಲ್ಲಿ ಅರೆದ ಚಟ್ನಿಗೆ ಬೀರಪ್ಪ ಆರು ತಿಂಗಳು ಮೂಗು ಮುರಿದ, ಏಳನೆಯ ತಿಂಗಳು ಎರಡು ಸಲ ಬಡಿಸಿಕೊಂಡ. ಅವಳು ಬಣ್ಣದ ಟಿವಿ ತರೋಣವೆಂದಾಗ ಕಪ್ಪುಬಿಳುಪಿನದರಲ್ಲೇ ಸುಳ್ಳು ಬೇಕಾದಷ್ಟು ಬರುತ್ತದೆ, ಅದಕ್ಕೆ ಬಣ್ಣ ಬೇರೆ ಯಾಕೆ ಎಂದ. ನಿಮಗೆ ಯಂತ್ರದ ಮೇಲೆ ಸಿಟ್ಟಿಲ್ಲ, ನಿಮ್ಮನ್ನು ಕೇಳದೆ ಓಡುತ್ತದಲ್ಲ ಅದರ ಮೇಲೆ ಸಿಟ್ಟು ಎಂದು ಅವಳು ಹೇಳಿದಳಂತೆ. ಬೀರಪ್ಪ ಅದನ್ನು ತಮಾಷೆಯೆಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಅವನು ಪೂರ್ತಿ ನಂಬಿದ್ದು ತನ್ನ ಜ್ವರದ ಪುಸ್ತಕವನ್ನು. ಉದ್ದನೆಯ ರೂಲು ಹಾಳೆ. ಊರು, ಮನೆ, ಹೆಸರು, ದಿನ ಎಂದು ಕಾಲಂಗಳು, ಕೊನೆಯಲ್ಲಿ ನಾಲ್ಕು ಬೆರಳಗಲದ ಷರಾ ಕಾಲಂ. ಬೇರೆ ಯಾವ ಕಾಲಂನಲ್ಲೂ ಕೂರದ ಮಾತು ಬಂದು ಕೂರುವ ಜಾಗ ಅದು. ಅದರ ಬೆಲೆ ಗೊತ್ತಾಗಬೇಕಾದರೆ ಮುದುಗಾನಹಳ್ಳಿಯನ್ನು ನೋಡಬೇಕು. ಕಂದಾಯದ ಕಡತದಲ್ಲಿ ಮುದುಗಾನಹಳ್ಳಿ ಬೇಚರಾಕ್ ಗ್ರಾಮ. ಎಂದರೆ ಹೆಸರುಂಟು, ಎಲ್ಲೆಯುಂಟು, ಸರ್ವೆ ನಂಬರುಂಟು, ದೀಪ ಹಚ್ಚುವ ಜನರಿಲ್ಲ. ಎಂದೋ ಯಾವುದೋ ರೋಗಕ್ಕೆ ಊರು ಬಿಟ್ಟು ಹೋದವರ ಜಾಗ. ಆದರೆ ಅಲ್ಲಿ ಮೂವತ್ತೊಂದು ಮನೆಯ ಲಂಬಾಣಿ ತಾಂಡಾ ಎರಡು ತಲೆಮಾರಿನಿಂದ ಇದೆ. ದೀಪ ಹಚ್ಚುತ್ತಾರೆ, ಮದುವೆ ಮಾಡುತ್ತಾರೆ, ಸೌದೆ ಕಡಿಯುತ್ತಾರೆ, ಎಮ್ಮೆ ಕಟ್ಟಿದ್ದಾರೆ. ಕಡತಕ್ಕೆ ಮಾತ್ರ ಕಾಣುವುದಿಲ್ಲ.

ಜನರಿಲ್ಲದ ಊರಿನ ಜನರಿಗೆ ಜ್ವರ ಬಂದರೆ ಎಲ್ಲಿ ಬರೆಯುವುದು? ಹಳಬರು ಒಂದು ದಾರಿ ಮಾಡಿದ್ದರು. ಹೊಳೆಯ ಈಚೆ ಇರುವ ತೆಂಕಣಗೆರೆಯ ಕೆಳಗೆ ಬರೆಯುವುದು, ಷರಾದಲ್ಲಿ ಕೆಂಪು ಶಾಯಿಯಿಂದ 'ಮುದುಗಾನಹಳ್ಳಿ ತಾಂಡಾ, ಹೊಳೆ ಆಚೆ' ಎಂದು ಗುರುತು ಹಾಕುವುದು. ಕೆಂಪು ಕಂಡ ಕೂಡಲೆ ಪುಡಿ ಹೊಡೆಯುವವರು ಜೀಪನ್ನು ಹೊಳೆ ದಾಟಿಸುತ್ತಿದ್ದರು. ಬೀರಪ್ಪ ಇಪ್ಪತ್ತೆರಡು ವರ್ಷ ಹೀಗೆ ಬರೆದ. ಮೂವತ್ತೊಂದು ಮನೆಯನ್ನು ಪಕ್ಕದ ಅಂಚಿನಲ್ಲಿ ಇಟ್ಟಿದ್ದೇವಲ್ಲ ಎಂದು ಅವನಿಗಾಗಲಿ, ಪುಸ್ತಕಕ್ಕೆ ಸಹಿ ಹಾಕಿದ ಯಾವ ಸಾಹೇಬನಿಗಾಗಲಿ ಒಂದು ದಿನವೂ ಅನ್ನಿಸಲಿಲ್ಲ.

ತೊಂಬತ್ತೇಳರ ದಸರೆಯ ಹೊತ್ತಿಗೆ ಶಿಕಾರಿಪುರದ ಕಚೇರಿಗೆ ಕಂಪ್ಯೂಟರ್ ಬಂತು. ಎರಡೂ ತಾಲ್ಲೂಕಿನ ಜ್ವರದ ಲೆಕ್ಕ ಇನ್ನು ಅದರಲ್ಲೇ ಎಂದು ಆದೇಶವಾಯಿತು. ಅದಕ್ಕೊಂದು ಬೇರೆ ಕೋಣೆ, ಕಿಟಕಿಗೆ ಪರದೆ, ನೆಲಕ್ಕೆ ಜಮಖಾನ. ಆಯುಧಪೂಜೆಯ ದಿನ ಅದರ ಹಣೆಗೆ ವಿಭೂತಿ ಬಳಿದು ಚೆಂಡುಹೂ ಇಟ್ಟರು, ಧೂಳಿಗೆ ಕೆಡುತ್ತದೆಂದು ಬಾಗಿಲಿಗೆ ಬೋರ್ಡು ಹಾಕಿದರು: ಪಾದರಕ್ಷೆ ಹೊರಗೆ ಬಿಡಿ. ಅರ್ಧ ಬಾಗಿಲಿನ ಮೇಲೆ ಒಂದು ಹಲಗೆ. ಚಪ್ಪಲಿ ಬಿಡಲು ಇಷ್ಟವಿಲ್ಲದವರು ಚೀಟಿಯನ್ನು ಆ ಹಲಗೆಯ ಮೇಲೆ ಇಟ್ಟು ಹೋಗಬಹುದು.

ಬೀರಪ್ಪ ಬಿಡಲಿಲ್ಲ. ಚಪ್ಪಲಿ ಬಿಡುವುದಾದರೆ ಹುಚ್ಚರಾಯಸ್ವಾಮಿಯ ಗುಡಿಯ ಮುಂದೆ ಬಿಡುತ್ತೇನೆ, ಡಬ್ಬಿಯ ಮುಂದೆ ಬಿಡುವುದಿಲ್ಲ ಎಂದ. ಪ್ರತಿ ಶನಿವಾರ ಸೊರಬದಿಂದ ಬಸ್ಸು ಹತ್ತಿ ಬಂದು, ಹಲಗೆಯ ಮೇಲೆ ಚೀಟಿ ಇಟ್ಟು, ಅಲ್ಲೇ ನಿಂತು ಜಗಳವಾಡಿ ಹೋಗುವುದು ರೂಢಿಯಾಯಿತು. ಜಗಳಕ್ಕೆ ಸಿಕ್ಕವಳು ಗಂಗಾಶ್ರೀ, ಕಂಪ್ಯೂಟರಿಗೆ ಕೂರಿಸಿದ ಹುಡುಗಿ. ಊರಿನ ಬಟ್ಟೆ ವ್ಯಾಪಾರಿಯೊಬ್ಬರ ಮಗಳು, ಇಪ್ಪತ್ನಾಲ್ಕು ವರ್ಷ, ಬಾಯಿ ಚುರುಕು. ಕಾಡಂಚಿನ ಹಳ್ಳಿಯನ್ನು ಕಣ್ಣಿನಲ್ಲಿ ಕಂಡವಳಲ್ಲ.

"ಬೀರಪ್ಪನವರ, ಒಳಗ ಬರ್ರಿ, ಕಂಪ್ಯೂಟರು ಕಚ್ಚಂಗಿಲ್ಲ," ಎಂದಳು ಒಂದು ದಿನ.

"ಕಚ್ಚಿದ್ರೆ ಕಚ್ಲಿ ಮಾರಾಯ್ತಿ. ಕಚ್ಚೋಕ್ ಮುಂಚೆ ಬೊಗಳ್ತದಾ, ಅದನ್ನ ಹೇಳು."

ಅವಳು ನಕ್ಕಳು. ಅವನ ಗಡಿಯಾರ ಇವತ್ತು ಎಷ್ಟು ಹಿಂದೆ ಎಂದು ಕೇಳಿದಳು. ನಿನ್ನ ಡಬ್ಬಿಗೆ ಕರೆಂಟು ಹೋದರೆ ನನ್ನ ಗಡಿಯಾರವನ್ನೇ ಕೇಳಬೇಕು ಎಂದು ಅವನೆಂದ. ಇಬ್ಬರಿಗೂ ಶನಿವಾರ ಬಂದರೆ ಖುಷಿ. ಕಚೇರಿಯವರೂ ಎರಡು ಪಕ್ಷವಾದರು: ಪುಸ್ತಕದ ಪಕ್ಷ, ಕಂಪ್ಯೂಟರಿನ ಪಕ್ಷ. ಚಹಾದ ಅಂಗಡಿಯಲ್ಲಿ ಪಂಥ ಕಟ್ಟಿದರು. ಒಳಗೆ ಕಂಪ್ಯೂಟರಿನ ಪರದೆಯ ಮೇಲೆ ಏನು ಕಾಣುತ್ತದೆ ಎಂದು ನೋಡಿದವಳು ಅವಳೊಬ್ಬಳೇ, ಹೊರಗೆ ಕಾಡಿನಲ್ಲಿ ಏನಿದೆ ಎಂದು ನೋಡಿದವನು ಅವನೊಬ್ಬನೇ, ಇಬ್ಬರ ನಡುವೆ ಒಂದು ಹಲಗೆ.

ಡಿಸೆಂಬರಿನಲ್ಲಿ ತಾಂಡಾದಿಂದ ಎರಡು ಜ್ವರದ ಚೀಟಿ ಬಂದವು. ಹೆಚ್ಚಿನದ್ದೇನಲ್ಲ, ಶೀತದ ಜ್ವರ. ಆದರೆ ಯಂತ್ರ ಅವನ್ನು ತೆಗೆದುಕೊಳ್ಳಲಿಲ್ಲ.

"ಈ ಮುದುಗಾನಹಳ್ಳಿ ಒಳಗ ಹೋಗವಲ್ದು ನೋಡ್ರಿ," ಎಂದಳು ಗಂಗಾಶ್ರೀ. "ಜನಾನ ಇಲ್ಲ ಅಂತೈತಿ."

ಬೀರಪ್ಪನಿಗೆ ಹಬ್ಬವಾಯಿತು. ಎರಡು ತಿಂಗಳಿನಿಂದ ಕಾಯುತ್ತಿದ್ದ ತಪ್ಪು ಸಿಕ್ಕಿತ್ತು. ಅವನು ಹಲಗೆಗೆ ಕೈಯೂರಿ, ಹೊರಗಿನವರಿಗೂ ಕೇಳುವ ಹಾಗೆ ಹೇಳಿದ:

"ನಿನ್ನ ಡಬ್ಬಿಗೆ ಅಷ್ಟೂ ಗೊತ್ತಿಲ್ವನಾ? ತೆಂಕಣಗೆರೆಗೆ ಹಾಕು. ಇಪ್ಪತ್ತೆರಡು ವರ್ಷದಿಂದ ನಾವು ಹಂಗೇ ಹಾಕೋದು."

ಅವಳು ತೆಂಕಣಗೆರೆಗೆ ಹಾಕಿದಳು. ಯಂತ್ರ ಒಪ್ಪಿಕೊಂಡಿತು. ಆ ಯಂತ್ರದಲ್ಲಿ ಷರಾ ಕಾಲಂ ಇರಲಿಲ್ಲ. ಎಲ್ಲೋ ಕೂತು ಅದನ್ನು ಬರೆದವರಿಗೆ ಅದು ಬೇಕೆಂದು ಅನ್ನಿಸಿರಲಿಲ್ಲ. ಷರಾ ಎಂಬುದೊಂದು ಇದೆ ಎಂದು ಗಂಗಾಶ್ರೀಗೆ ಯಾರೂ ಹೇಳಿರಲಿಲ್ಲ, ಇಲ್ಲ ಎಂದು ಬೀರಪ್ಪನಿಗೆ ಯಾರೂ ಹೇಳಿರಲಿಲ್ಲ. ನೋಡಲು ಹತ್ತು ಹೆಜ್ಜೆ ಸಾಕಿತ್ತು. ಅವನು ಗೆದ್ದ ಖುಷಿಯಲ್ಲಿ ಬಸ್ ನಿಲ್ದಾಣದ ಕಡೆ ನಡೆದ.

ಜನವರಿಯ ನಡುವಿನಲ್ಲಿ ಸಾವಿತ್ರಿಬಾಯಿ ತೆಂಕಣಗೆರೆಯ ಬಸ್ಸಿನ ಕಟ್ಟೆಗೆ ಬಂದು ಕಾದು ಕೂತಿದ್ದಳು. ತಾಂಡಾದ ಹೆಂಗಸು, ನಲವತ್ತರ ಆಸುಪಾಸು, ಗಂಡ ತೀರಿಕೊಂಡು ಆರು ವರ್ಷ. ಮಂಗ ಬಿದ್ದರೆ ಬೀರಪ್ಪನಿಗೆ ತಿಳಿಸುವವಳು ಅವಳೇ. ಯಾರೂ ನೇಮಿಸಿದ್ದಲ್ಲ, ತನ್ನ ಇಬ್ಬರು ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಎಮ್ಮೆ ಹೊಡೆದುಕೊಂಡು ಹೋಗುತ್ತಾರೆ, ಅದಕ್ಕೆ ಅವಳು ನೋಡುತ್ತಿದ್ದಳು.

"ಮೂರು ಬಿದ್ದಾವೆ ಅಣ್ಣಾ," ಎಂದಳು. "ಒಂದು ನೀರಿನ ದಾರಿಯಾಗೇ ಐತೆ."

ಬೀರಪ್ಪ ಬರೆದುಕೊಂಡ. ಆ ಕಡೆ ಸೌದೆಗೆ ಹೋಗಬೇಡಿ, ವಾರದೊಳಗೆ ಪುಡಿಯವರು ಬರುತ್ತಾರೆ, ಎಣ್ಣೆ ಕೊಡುತ್ತಾರೆ ಎಂದ. ಶನಿವಾರ ಚೀಟಿ ಹಲಗೆಯ ಮೇಲೆ ಬಿತ್ತು. ತೆಂಕಣಗೆರೆ, ಮಂಗ ಮೂರು, ಪಕ್ಕದಲ್ಲಿ ಕೆಂಪು ಶಾಯಿಯಿಂದ 'ಹೊಳೆ ಆಚೆ'; ಆ ಕೆಂಪಿಗೆ ಯಂತ್ರದಲ್ಲಿ ಜಾಗವಿರಲಿಲ್ಲ. ಕಂಪ್ಯೂಟರು ತನ್ನ ಕೆಲಸ ಚೊಕ್ಕಟವಾಗಿ ಮಾಡಿತು. ಸೋಮವಾರವೇ ಜೀಪು ತೆಂಕಣಗೆರೆಗೆ ಹೋಯಿತು. ಮಂಗ ಎಲ್ಲಿ ಬಿದ್ದಿದೆ ಎಂದು ಕೇಳಿದರು. ಇಲ್ಲಿ ಯಾವ ಮಂಗನೂ ಬಿದ್ದಿಲ್ಲ ಎಂದು ಊರಿನವರು ನಿಜವನ್ನೇ ಹೇಳಿದರು. ಬಂದವರು ನಾಲ್ಕು ನೂರು ಚಿಲ್ಲರೆ ಜನಕ್ಕೆ ಎಣ್ಣೆ ಹಂಚಿ, ಶಾಲೆಯ ಹಿಂದೆ ಒಂದಿಷ್ಟು ಪುಡಿ ಉದುರಿಸಿ ವಾಪಸು ಹೋದರು. ಹೊಳೆಯ ಆಚೆ ತಾಂಡಾದ ಎಮ್ಮೆಗಳು ಅದೇ ದಾರಿಯಲ್ಲಿ ನೀರಿಗೆ ಹೋಗಿ ಬರುತ್ತಿದ್ದವು.

ಮುಂದಿನ ಶನಿವಾರ ಬೀರಪ್ಪ ವಿಚಾರಿಸಿದ. ಗಂಗಾಶ್ರೀ ಎರಡೂ ಅಂಚಿಗೆ ತೂತಿದ್ದ, ಯಂತ್ರ ಅಚ್ಚು ಹಾಕಿದ ಹಾಳೆಯನ್ನು ಹರಿದು ಹಲಗೆಯ ಮೇಲೆ ಇಟ್ಟಳು. ಚೀಟಿ ತಲುಪಿದ ದಿನ, ಜೀಪು ಹೋದ ದಿನ, ಕೊನೆಗೆ: ಕ್ರಮ ಕೈಗೊಳ್ಳಲಾಗಿದೆ. ಅವನು ಅದನ್ನು ಎರಡು ಸಲ ಓದಿದ. ಅಕ್ಷರ ಸಾಲಾಗಿತ್ತು, ಒಂದೂ ಮುರಿದಿರಲಿಲ್ಲ. ಹೊಡೆದು ಹಾಕಿದ್ದು, ತಿದ್ದಿದ್ದು ಏನೂ ಇರಲಿಲ್ಲ. ಇಷ್ಟು ಬೇಗ ನಮ್ಮ ಪುಸ್ತಕದ ಕಾಲದಲ್ಲೂ ಜೀಪು ಹೊರಟಿರಲಿಲ್ಲ ಎಂದು ಒಪ್ಪಿಕೊಂಡ. ಗಂಗಾಶ್ರೀಗೆ ಅಷ್ಟು ಹೇಳಿಸಿದ್ದೇ ದೊಡ್ಡದಾಯಿತು, ಅವಳು ಅವನಿಗೆ ಚಹಾ ತರಿಸಿದಳು.

ಮಂಗಳವಾರ ಸಾವಿತ್ರಿಬಾಯಿ ಮತ್ತೆ ಕಟ್ಟೆಯ ಮೇಲಿದ್ದಳು. ಈಗ ಐದು, ಯಾರೂ ಬಂದಿಲ್ಲ ಎಂದಳು.

"ಬಂದಾರೆ ಕಣವ್ವ," ಎಂದ ಬೀರಪ್ಪ. "ಕಾಗದದಾಗೆ ಬಂದೈತೆ, ನಾನೇ ನೋಡಿದೀನಿ. ನೀನು ಸೌದೆಗೆ ಹೋಗಿರ್ಬೇಕು."

ಅವಳು ಕಟ್ಟೆಯಿಂದ ಇಳಿದಳು.

"ನಾನು ಸೌದೆಗೆ ಹೋಗಿದ್ದೆ, ಹೌದು. ಮೂವತ್ತೊಂದು ಮನೇನೂ ಸೌದೆಗೆ ಹೋಗಿತ್ತೇನಣ್ಣ?"

ಬೀರಪ್ಪ ಪುಸ್ತಕ ತೆರೆದ. ಇನ್ನೆರಡು ಮಂಗ ಬರೆದುಕೊಂಡು, ಬಂದ ಬಸ್ಸು ಹತ್ತಿದ. ಮೂಗಿನ ಮುಂದಿದ್ದ ಬಾಯಿಮಾತಿಗಿಂತ ಎಂಟು ಹರದಾರಿಯಾಚೆ ಅಚ್ಚಾದ ಸಾಲು ದೊಡ್ಡದಾಯಿತು, ಅದೂ ಯಾರಿಗೆ? ಜೀವಮಾನವಿಡೀ ಸುಮ್ಮನೆ ಓಡುವ ಯಂತ್ರವನ್ನು ನಂಬಬಾರದೆಂದು ಸಾರಿಕೊಂಡು ಬಂದವನಿಗೆ. ಮಿಕ್ಸಿಯ ಮೇಲೆ ಸಂಶಯಪಟ್ಟ, ಗಡಿಯಾರದ ಬ್ಯಾಟರಿಯ ಮೇಲೆ ಸಂಶಯಪಟ್ಟ. ಸಂಶಯಪಡಬೇಕಾಗಿದ್ದ ಒಂದೇ ಒಂದು ಕಡೆ ನಂಬಿಬಿಟ್ಟ, ಯಾಕೆಂದರೆ ಆ ಕಾಗದ ಅವನು ಕೇಳಬೇಕೆಂದಿದ್ದನ್ನೇ ಹೇಳಿತ್ತು.

ಫೆಬ್ರವರಿಯ ಮೊದಲ ಗುರುವಾರ ತಾಂಡಾದ ಸರದಿ ಬಂತು. ಸೈಕಲ್ಲನ್ನು ಹೊತ್ತು ಹೊಳೆ ದಾಟಿದ. ನೀರಿನ ದಾರಿಯಲ್ಲಿ ಮಂಗ ಬಿದ್ದಿದ್ದ ಜಾಗ ಸಿಕ್ಕಿತು. ಚರ್ಮ, ಮೂಳೆ, ಸುತ್ತ ತರಗೆಲೆ. ಪುಡಿ ಹೊಡೆದಿದ್ದರೆ ಬಿಳಿಗಟ್ಟಿರಬೇಕಾಗಿದ್ದ ನೆಲ ಕಂದಾಗಿಯೇ ಇತ್ತು. ಅದರ ಪಕ್ಕದಲ್ಲೇ ಎಮ್ಮೆಯ ಹೆಜ್ಜೆ, ಮನುಷ್ಯರ ಹೆಜ್ಜೆ.

ತಾಂಡಾದಲ್ಲಿ ಹನ್ನೊಂದು ಮನೆಯಲ್ಲಿ ಜ್ವರ. ಸಾವಿತ್ರಿಬಾಯಿ ಬಾಗಿಲಿಗೆ ಅಡ್ಡ ಮಲಗಿದ್ದಳು, ಕಣ್ಣು ಪೂರ್ತಿ ಕೆಂಪು, ಒಸಡಿನಲ್ಲಿ ರಕ್ತ. ಹಿರಿಯ ಮಗಳು ತಲೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

"ಇವತ್ತೂ ಯಾರೂ ಬಂದಿಲ್ಲ ಅಣ್ಣಾ," ಎಂದಳು ಸಾವಿತ್ರಿಬಾಯಿ. ಕೊಂಕಿರಲಿಲ್ಲ. ಅವನು ಕೇಳುತ್ತಾನೆಂದು ಮೊದಲೇ ಹೇಳಿದ ಹಾಗಿತ್ತು.

ತೆಂಕಣಗೆರೆಯಿಂದ ಒಂದು ಟ್ರಾಕ್ಟರು ಹಿಡಿದು ಅವಳನ್ನೂ ಇನ್ನಿಬ್ಬರನ್ನೂ ಆಸ್ಪತ್ರೆಯ ದಾರಿಗೆ ಹತ್ತಿಸಿ, ಬೀರಪ್ಪ ಸಿಕ್ಕ ಬಸ್ಸಿಗೆ ಶಿಕಾರಿಪುರಕ್ಕೆ ಬಂದ. ಬೋರ್ಡು ನೋಡಲಿಲ್ಲ, ಹೊಳೆಯ ಕೆಸರಿದ್ದ ಚಪ್ಪಲಿಯಲ್ಲೇ ಜಮಖಾನದ ಮೇಲೆ ನಡೆದು ಪರದೆಯ ಮುಂದೆ ನಿಂತ. ಮುದುಗಾನಹಳ್ಳಿಯನ್ನು ತೋರಿಸು ಎಂದ. ಗಂಗಾಶ್ರೀ ಹೆದರಿ ಗುಂಡಿ ಒತ್ತಿದಳು. ಮುದುಗಾನಹಳ್ಳಿ. ಜನಸಂಖ್ಯೆ ಸೊನ್ನೆ. ಮನೆ ಸೊನ್ನೆ. ಜ್ವರ ಇಲ್ಲ. ಮಂಗ ಇಲ್ಲ. ತೆಂಕಣಗೆರೆಯನ್ನು ತೋರಿಸು ಎಂದ. ಅಲ್ಲಿ ಎಲ್ಲವೂ ಇತ್ತು.

"ಷರಾ ಎಲ್ಲಿ?"

"ಷರಾ ಅಂದ್ರ ಏನ್ರಿ?"

ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಷರಾ ಎಂದರೇನು ಎಂದು ಅವಳಿಗೆ ಹೇಳಿದ, ಹೊಳೆ ಎಲ್ಲಿದೆ ಎಂದು ಹೇಳಿದ, ತಾಂಡಾದಲ್ಲಿ ಎಷ್ಟು ಮನೆ ಎಂದು ಹೇಳಿದ. ನಾಲ್ಕು ತಿಂಗಳ ಹಿಂದೆ ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತು. ಅವಳು ಎಲ್ಲ ಕೇಳಿ, ಕೊನೆಗೆ ಒಂದೇ ಮಾತು ಆಡಿದಳು.

"ನೀವ ಹೇಳಿದ್ರಲ್ರಿ, ಅಲ್ಲಿಗೆ ಹಾಕು ಅಂತ."

"ಹೌದು," ಎಂದ ಬೀರಪ್ಪ. "ನಾನೇ ಹೇಳಿದ್ದು."

ಸಾಹೇಬರು ಮೊದಲು ನಂಬಲಿಲ್ಲ. ಸೊನ್ನೆ ಜನಕ್ಕೆ ಎಣ್ಣೆ ಯಾವ ಲೆಕ್ಕದಲ್ಲಿ ಕೊಡುವುದು ಎಂದು ಕೇಳಿದರು. ಇದು ಅಣಕವಲ್ಲ, ಅವರು ನಿಜವಾಗಿ ಕೇಳಿದ ಪ್ರಶ್ನೆ. ಅದಕ್ಕೊಂದು ಟಿಪ್ಪಣಿ, ಟಿಪ್ಪಣಿಗೊಂದು ಸಹಿ ಆಗಿ, ಜೀಪು ಹೊಳೆ ದಾಟಿದಾಗ ಮೂರನೆಯ ದಿನ. ಅಷ್ಟರಲ್ಲಿ ಒಬ್ಬ ಮುದುಕ ತೀರಿಕೊಂಡಿದ್ದ. ಸಾವಿತ್ರಿಬಾಯಿ ಆಸ್ಪತ್ರೆಯಲ್ಲಿ ಆರನೆಯ ದಿನ ಹೋದಳು. ಆ ತಿಂಗಳು ಕಳೆಯುವುದರೊಳಗೆ ಮತ್ತಿಬ್ಬರು. ಒಟ್ಟು ನಾಲ್ಕು.

ವಿಚಾರಣೆ ನಡೆಯಿತು. ಕಂಪ್ಯೂಟರಿನ ತಪ್ಪಿಲ್ಲ ಎಂದು ತೀರ್ಮಾನವಾಯಿತು, ಅದು ತನಗೆ ಕೊಟ್ಟ ಪಟ್ಟಿಯಂತೆ ನಡೆದಿದೆ. ಗಂಗಾಶ್ರೀಯ ತಪ್ಪಿಲ್ಲ, ಅವಳು ತನಗೆ ಹೇಳಿದಂತೆ ಮಾಡಿದ್ದಾಳೆ. ಪಟ್ಟಿ ಕೊಟ್ಟವರ ತಪ್ಪಿಲ್ಲ, ಕಂದಾಯದ ಕಡತದಲ್ಲಿ ಹಾಗೇ ಇದೆ. ಉಳಿದವನು ದೊಡ್ಡಬೀರಪ್ಪ. ತಪ್ಪು ಗ್ರಾಮದ ಹೆಸರು ನೀಡಿದ್ದಕ್ಕೆ ಕಾರಣ ಕೇಳಿ ಅವನಿಗೆ ನೋಟಿಸು ಬಂತು. ಹುಲಿಗೆಮ್ಮ ವಕೀಲರನ್ನು ಕೇಳಿ ಬರೆಯಿರಿ ಎಂದಳು. ಅವನು ಕೇಳಲಿಲ್ಲ. ಎರಡು ಸಾಲು ಬರೆದು ಕೊಟ್ಟ: ತಪ್ಪು ನನ್ನದು. ಮುದುಗಾನಹಳ್ಳಿಯಲ್ಲಿ ಜನರಿದ್ದಾರೆ. ಮೊದಲ ಸಾಲನ್ನು ಕಚೇರಿ ಒಪ್ಪಿಕೊಂಡಿತು.

ಚಹಾದ ಅಂಗಡಿಯ ಪಕ್ಷಗಳಿಗೆ ಈಗ ನಾಲ್ಕು ಹೆಣ ಸಿಕ್ಕವು. ನೋಡಿದಿರಾ, ಪುಸ್ತಕವಿದ್ದಿದ್ದರೆ ಹೀಗಾಗುತ್ತಿತ್ತೇ ಎಂದರು ಒಂದು ಕಡೆಯವರು. ಸರಿಯಾಗಿ ಚೀಟಿ ಬರೆಯಲು ಬಾರದವನಿಂದ ಆಗಿದ್ದು ಎಂದರು ಇನ್ನೊಂದು ಕಡೆಯವರು. ಬೀರಪ್ಪ ಯಾವ ಕಡೆಯೂ ಕೂರಲಿಲ್ಲ. ಪುಸ್ತಕವೂ ಸುಳ್ಳೇ ಹೇಳುತ್ತಿತ್ತು, ಪಕ್ಕದಲ್ಲಿ ಸಣ್ಣದಾಗಿ ನಿಜ ಬರೆದುಕೊಳ್ಳುತ್ತಿತ್ತು ಅಷ್ಟೆ, ಎಂದು ಹುಲಿಗೆಮ್ಮನಿಗೆ ಮಾತ್ರ ಹೇಳಿದ.

ಈಗ ಅವನು ಪ್ರತಿ ಶನಿವಾರ ಒಳಗೇ ಹೋಗಿ ಗಂಗಾಶ್ರೀಯ ಪಕ್ಕದಲ್ಲಿ ಕೂರುತ್ತಾನೆ. ಕೀಟಲೆ ನಿಂತಿದೆ. ವರ್ಷದ ಲೆಕ್ಕ ಮುಗಿಸುವಾಗ ತೆಂಕಣಗೆರೆಯ ಎದುರು ಸತ್ತವರು ಸೊನ್ನೆ ಎಂದು ಬಂತು; ತೆಂಕಣಗೆರೆಯಲ್ಲಿ ಯಾರೂ ಸತ್ತಿರಲಿಲ್ಲವಲ್ಲ. ಆ ನಾಲ್ವರನ್ನಾದರೂ ಅವರ ಊರಿಗೇ ಬರೆಯೋಣ ಎಂದು ಇಬ್ಬರೂ ಕೂತು ಮುದುಗಾನಹಳ್ಳಿಯ ಎದುರು ನಾಲ್ಕು ಒತ್ತಿದರು. ಯಂತ್ರ ಇಂಗ್ಲಿಷಿನಲ್ಲಿ ಒಂದು ಸಾಲು ತೋರಿಸಿತು. ಗಂಗಾಶ್ರೀ ಓದಿದಳು. ಏನಂತೆ ಎಂದು ಅವನು ಕೇಳಿದ ಮೇಲೆ ಹೇಳಿದಳು:

"ಇದ್ದ ಜನಕ್ಕಿಂತ ಸತ್ತ ಜನ ಹೆಚ್ಚಿರಾಕ ಬರಂಗಿಲ್ಲ ಅಂತೈತಿ."

ಅವರು ಆಮೇಲೂ ಒತ್ತಿದ್ದಾರೆ. ಅದು ಅದೇ ಸಾಲು ತೋರಿಸುತ್ತದೆ. ತಿದ್ದುಪಡಿಗೆ ಬೀರಪ್ಪ ಮೂರು ಅರ್ಜಿ ಕೊಟ್ಟಿದ್ದಾನೆ, ಮೂರಕ್ಕೂ ಸ್ವೀಕೃತಿ ಬಂದಿದೆ. ಎರಡು ತಾಲ್ಲೂಕಿನ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಇಬ್ಬರೂ ಸೇರಿ ಓದಿದಾಗ ಇಂಥ ಸೊನ್ನೆಯ ಊರುಗಳು ಇನ್ನೂ ಸಿಕ್ಕಿವೆ. ಅವುಗಳಲ್ಲಿ ಯಾವುದರಲ್ಲಿ ಒಲೆ ಉರಿಯುತ್ತದೆ, ಯಾವುದರಲ್ಲಿ ಇಲ್ಲ ಎಂದು ಅವನಿಗೂ ಪೂರ್ತಿ ಗೊತ್ತಿಲ್ಲ. ಅವು ಅವನ ಹತ್ತೊಂಬತ್ತು ಊರಿನ ಹೊರಗಿನವು. ಮಾರ್ಚಿಗೆ ಅವನು ನಿವೃತ್ತನಾಗುತ್ತಾನೆ. ಇದು ತೊಂಬತ್ತೆಂಟರ ಡಿಸೆಂಬರು. ಕಾಡು ಒಣಗುತ್ತಿದೆ, ತರಗೆಲೆ ಬೀಳುತ್ತಿದೆ. ಹೋದ ಭಾನುವಾರ ಸಾವಿತ್ರಿಬಾಯಿಯ ಹಿರಿಯ ಮಗಳು ತೆಂಕಣಗೆರೆಯ ಕಟ್ಟೆಯ ಮೇಲೆ ಕಾದು ಕೂತು, ಒಂದು ಬಿದ್ದಿದೆ ಎಂದು ಹೇಳಿ ಹೋಗಿದ್ದಾಳೆ.

ಕಂಪ್ಯೂಟರ್ ಒಳ್ಳೆಯದೋ ಕೆಟ್ಟದ್ದೋ ಎಂದು ನೀವು ಆಮೇಲೆ ಚರ್ಚೆ ಮಾಡಿ. ಈ ವಾರ, ಮುಂದಿನ ವಾರವಲ್ಲ, ನಿಮ್ಮ ಹೋಬಳಿಯ ಪಟ್ಟಿ ಇರುವ ಕಚೇರಿಗೆ ಹೋಗಿ. ಅಚ್ಚಾದ ಹಾಳೆಯನ್ನು ಕೇಳಿ ಪಡೆಯಿರಿ. ಕೊಡುವುದಿಲ್ಲ ಎಂದರೆ ಕೊಡುವವರೆಗೆ ಅಲ್ಲೇ ಕೂರಿ. ಅದರಲ್ಲಿ ಸೊನ್ನೆ ಎಂದಿರುವ ಪ್ರತಿಯೊಂದು ಊರಿಗೆ ನಿಮ್ಮ ಕಾಲಿನಲ್ಲೇ ನಡೆದು ಹೋಗಿ. ಅಲ್ಲಿ ಒಬ್ಬರು ಸಿಕ್ಕಿದರೂ ಸಾಕು, ಅವರ ಹೆಸರು ಬರೆದುಕೊಂಡು ಬಂದು ಆ ಮೇಜಿನ ಮೇಲೆ ಇಡಿ, ಸೊನ್ನೆಯನ್ನು ನಿಮ್ಮ ಕಣ್ಣೆದುರಿಗೆ ಅಳಿಸುವವರೆಗೆ ಏಳಬೇಡಿ.